ನಾಲ್ಕು ಬೆರಳು ಈಡು

ಕೆಂಗೇರಿ ಉಪನಗರದಲ್ಲಿ ಕೋವಿಗೆ ಕೆಲಸವಿಲ್ಲ. ಇಲ್ಲಿ ನಮ್ಮ ಮೇಲೆ ದಂಡೆತ್ತಿ ಬರುವವು ಪಾರಿವಾಳಗಳು. ಬಾಲ್ಕನಿಗೆ ಬಲೆ ಕಟ್ಟಿಸಿದರೆ ಯುದ್ಧ ಮುಗಿಯಿತು. ವೃಷಭಾವತಿಯ ವಾಸನೆಗಂತೂ ಗುಂಡು ಹೊಡೆಯಲು ಬರುವುದಿಲ್ಲ. ಹೀಗಿರುವಾಗ ನನ್ನ ಅಕ್ಕನ ಮಗ, ವಾರವಿಡೀ ಕಂಪ್ಯೂಟರ್ ಮುಂದೆ ಕೂರುವ ಹುಡುಗ, ಏರ್ ರೈಫಲ್ ಕಲಿಯತೊಡಗಿದವನು, ಒಂದು ಭಾನುವಾರ ಮೆಟ್ರೋ ಇಳಿದು ನೇರ ನಮ್ಮ ಮನೆಗೆ ಬಂದ. "ಮಾವ, ತೋಟೆ ನಾವೇ ತುಂಬ್ಕೊಳ್ಳೋದು ಹೇಗೆ? ನಿಮ್ಮಜ್ಜ ತುಂಬ್ತಿದ್ರಂತೆ, ಅಮ್ಮ ಹೇಳಿದ್ಲು."

ಅಜ್ಜ ತುಂಬುತ್ತಿದ್ದುದು ತೋಟೆಯಲ್ಲ. ಕೊಪ್ಪದ ಹತ್ತಿರದ ನಮ್ಮ ಮನೆಯಲ್ಲಿದ್ದದ್ದು ಒಂಟಿನಳಿಗೆಯ ಕೇಪಿನ ಕೋವಿ. ಬೆಳೆ ರಕ್ಷಣೆಗೆಂದು ಲೈಸೆನ್ಸು. ಅದರ ಮೊದಲ ಪಾಠ ಮದ್ದಿನದಲ್ಲ, ಗಜದ್ದು. ನಳಿಗೆಯ ಬಾಯಿಗೆ ಮುಖ ಒಡ್ಡದೆ ಪಕ್ಕಕ್ಕೆ ನಿಂತು ಗಜವನ್ನು ಒಳಗೆ ಬಿಡಬೇಕು. 'ಟಣ್' ಎಂದರೆ ಖಾಲಿ. 'ದಬ್' ಎಂದರೆ ಯಾರೋ ಈಡು ತುಂಬಿ ಮರೆತಿದ್ದಾರೆ; ಅದರ ಮೇಲೆ ಇನ್ನೊಂದು ತುಂಬಿದರೆ ಕೋವಿಯೂ ಇಲ್ಲ, ಕೈಯೂ ಇಲ್ಲ. ನಮ್ಮ ಮನೆಯಲ್ಲಿ ಕೋವಿ ಮುಟ್ಟುತ್ತಿದ್ದವರು ಅಜ್ಜ ಒಬ್ಬರೇ. ಆದರೂ ಪ್ರತಿ ಸಲ ಗಜ ಬಿಟ್ಟು, ತಲೆ ಓರೆ ಮಾಡಿ ಕೇಳುತ್ತಿದ್ದರು.

ಆಮೇಲೆ ಮದ್ದು. ಡಬ್ಬಿಯಿಂದ ನೇರ ನಳಿಗೆಗೆ ಸುರಿಯುವುದು ಮಹಾಪಾಪ. ಹಿಂದಿನ ಈಡಿನ ಕಿಡಿ ಒಳಗೆ ಉಳಿದಿದ್ದರೆ ಡಬ್ಬಿಯೇ ಹಾರಿಹೋಗುತ್ತದೆ. ಅದಕ್ಕೆಂದೇ ಒಂದು ಹಿತ್ತಾಳೆಯ ಅಳತೆ ಇತ್ತು, ನನ್ನ ಹೆಬ್ಬೆರಳಿನಷ್ಟು. ಮದ್ದಿನ ಮೇಲೆ ಕತ್ತ, ಕತ್ತದ ಮೇಲೆ ಚರೆ, ಚರೆ ಉರುಳದಂತೆ ಮತ್ತೆ ಕತ್ತ. ಗಜ ನಳಿಗೆಯಿಂದ ಎಷ್ಟು ಮೇಲೆ ನಿಂತಿತು ಎಂದು ಬೆರಳಿಟ್ಟು ನೋಡುವುದು. ನಾಲ್ಕು ಬೆರಳು ದಾಟಕೂಡದು. "ಐದು ಬೆರಳು ಹಾಕಿದವ ನಾಲ್ಕು ಬೆರಳಲ್ಲಿ ಊಟ ಮಾಡ್ತಾನೆ ಮಾರಾಯ" ಎನ್ನುತ್ತಿದ್ದರು. ಕೇಪು ಏರಿಸುವುದು ಕಟ್ಟಕಡೆಗೆ, ಅದೂ ಅಂಗಳ ದಾಟಿದ ಮೇಲೆ.

ಮಲೆನಾಡಿನ ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟ ಎಲ್ಲವನ್ನೂ ಒಣಗಿಸುತ್ತದೆ: ಕಂಬಳಿ, ಸೌದೆ, ಹಪ್ಪಳ, ಮಕ್ಕಳ ಚಡ್ಡಿ. ಮದ್ದಿಗೆ ಮಾತ್ರ ಅಲ್ಲಿ ಪ್ರವೇಶವಿರಲಿಲ್ಲ. ತಂಡಿ ಹಿಡಿದ ಮದ್ದು ಬಿಸಿಲಿಗಾಗಿ ಕಾಯುತ್ತಿತ್ತು, ಅದರೊಂದಿಗೆ ಅಜ್ಜ. ಅಷ್ಟರಲ್ಲಿ ಮಂಗಗಳು ಏಲಕ್ಕಿ ತೋಟದಲ್ಲಿ ಊಟ ಮುಗಿಸಿ ಕೈ ತೊಳೆದಿರುತ್ತಿದ್ದವು.

ನಮಗೆ ಕೊಡಗಿನವರ ಭಾಗ್ಯ ಇರಲಿಲ್ಲ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡುತ್ತಾರೆ. ನಮ್ಮ ಕೋವಿಗೆ ಆಯುಧಪೂಜೆಯ ದಿನ ಹಾರೆ-ಕತ್ತಿಗಳ ಸಾಲಿನಲ್ಲಿ ಒಂದು ಸೇವಂತಿಗೆ. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ. ಅಜ್ಜ ತೀರಿಕೊಂಡ ಮೇಲೆ ಲೈಸೆನ್ಸು ಯಾರ ಹೆಸರಿಗೆ ಎಂಬ ಪ್ರಶ್ನೆ ಬಂತು. ನಾನು ಬೆಂಗಳೂರಿನಲ್ಲಿ ಸೈಟಿಗೆ ಸಾಲ ಮಾಡಿಕೊಂಡಿದ್ದೆ. ತೋಟ ಕಾಯುವವರೇ ಇಲ್ಲದ ಮೇಲೆ ಕೋವಿ ಯಾರಿಗೆ? ಒಪ್ಪಿಸಿ ಬಂದೆವು. ರಸೀದಿ ನನ್ನ ಬೀರುವಿನಲ್ಲಿ, ಎಲ್‌ಐಸಿ ಬಾಂಡುಗಳ ಕೆಳಗಿದೆ.

ಹುಡುಗ ಇದನ್ನೆಲ್ಲ ತಾಳ್ಮೆಯಿಂದ ಕೇಳಿ, ತನ್ನ ಪಾಠ ಶುರು ಮಾಡಿದ. ಈಗಿನ ರೈಫಲ್ಲಿಗೆ ಹೊಗೆಯಿಲ್ಲದ ಮದ್ದು. ಅದನ್ನು ಅಜ್ಜನ ಅಳತೆಯಲ್ಲಿ ಕರಿಮದ್ದಿನಂತೆ ತುಂಬಿದರೆ ನಳಿಗೆ ಸಿಡಿಯುತ್ತದೆ, ತೂಗಿಯೇ ಹಾಕಬೇಕು. ತೂಕ ಗ್ರೇನ್ ಲೆಕ್ಕ, ಒಂದು ಪೌಂಡಿಗೆ 7000. ಕೈಪಿಡಿಯಲ್ಲಿ ಕೊಟ್ಟ ಗರಿಷ್ಠಕ್ಕಿಂತ ಶೇಕಡಾ 10 ಕೆಳಗಿನಿಂದ ಶುರುಮಾಡಿ ಚೂರುಚೂರೇ ಏರಿಸಬೇಕು. ಹೊಡೆದ ತೋಟೆಯ ಕೇಪು ಚಪ್ಪಟೆಯಾಗಿದೆಯೇ, ಬೋಲ್ಟ್ ಎತ್ತುವಾಗ ಬಿಗಿ ಹಿಡಿಯುತ್ತದೆಯೇ ನೋಡಬೇಕು. ಹಾಗಾದರೆ ಅಲ್ಲಿಗೇ ನಿಲ್ಲಿಸಬೇಕು. ಮೇಜಿನ ಮೇಲೆ ಎರಡು ಬಗೆಯ ಮದ್ದಿನ ಡಬ್ಬಿ ಇರಕೂಡದು. ತುಂಬಿದ ತೋಟೆಗಳ ಬಾಯಿಗೆ ಟಾರ್ಚ್ ಬಿಟ್ಟು ಎಲ್ಲದರಲ್ಲೂ ಮದ್ದು ಒಂದೇ ಮಟ್ಟಕ್ಕಿದೆಯೇ ಎಂದು ಇಣುಕಬೇಕು. ಕೊಪ್ಪ ಕಾಣದ ಹುಡುಗ ಅಜ್ಜನ ಹಾಗೆಯೇ ತಲೆ ಓರೆ ಮಾಡಿಕೊಂಡು ಮಾತಾಡುತ್ತಿದ್ದ. ನನಗೆ ಗಂಟಲು ಕಟ್ಟಿತು. ಕೆಮ್ಮಿದೆ.

ಆಮೇಲೆ ಮಾವನಾದವನು ಹೇಳಬೇಕಾದದ್ದು ಹೇಳಿದೆ. 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಮೂರನೇ ಮಹಡಿಯ ಊಟದ ಮೇಜಿನ ಮೇಲಂತೂ ಆ ಮಾತೇ ಇಲ್ಲ. ಅವನ ಏರ್ ರೈಫಲ್ಲಿಗೆ ಮದ್ದೇ ಬೇಡ, ಗಾಳಿ ಸಾಕು. ಮುಂದೆ 50 ಮೀಟರಿಗೆ ಬಡ್ತಿ ಸಿಕ್ಕಿದರೂ ಅಲ್ಲಿನ .22 ತೋಟೆಯಲ್ಲಿ ಸಿಡಿಯುವ ಮಸಾಲೆ ಅಂಚಿನೊಳಗೇ ಇರುತ್ತದೆ. ಒಮ್ಮೆ ಹೊಡೆದರೆ ಗುಜರಿ, ಮತ್ತೆ ತುಂಬುವಂಥದ್ದಲ್ಲ. ಇಷ್ಟೆಲ್ಲ ಓದಿಕೊಂಡವನಿಗೆ ಇದು ಗೊತ್ತಿರಲಿಲ್ಲವೆ? "ಗೊತ್ತಿತ್ತು ಮಾವ. ಆದ್ರೂ ಓದೋಕೆ ಚೆನ್ನಾಗಿರುತ್ತಲ್ಲ!" ಎಂದ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಾನೂ ಮಾರಿಹೋದ ತೋಟದ ಅಡಿಕೆ ಧಾರಣೆಯನ್ನು ದಿನಾ ಪೇಪರಿನಲ್ಲಿ ನೋಡುತ್ತೇನೆ.

ಆದರೆ ತಕ್ಕಡಿ ತಂದಿದ್ದನಲ್ಲ. ಅಂಗೈಯಗಲದ ಡಿಜಿಟಲ್ ತಕ್ಕಡಿ, ಗ್ರಾಮೂ ಗ್ರೇನೂ ಎರಡೂ ತೋರಿಸುತ್ತದೆ. ಪೇಪರ್ ಹಾಸಿ, 4.5 ಮಿಲಿಮೀಟರಿನ ಸೀಸದ ಗುಂಡುಗಳನ್ನು ಸುರಿದು, ಅಕ್ಕಿ ಆರಿಸುವಂತೆ ಆರಿಸಲು ಕೂತ. ಗುಂಡೊಂದು ಸುಮಾರು 0.53 ಗ್ರಾಂ. ತೂಕ ಹೆಚ್ಚುಕಮ್ಮಿಯಾದದ್ದು ಅಭ್ಯಾಸಕ್ಕೆ, ಸರಿಯಾದದ್ದು ಸ್ಪರ್ಧೆಗೆ. 10 ಮೀಟರ್ ದೂರದ ಗುರಿಯ ನಡುಚುಕ್ಕೆ ಬರೀ ಅರ್ಧ ಮಿಲಿಮೀಟರಂತೆ. ಕನ್ನಡಕ ಹಾಕಿದರೂ ನನಗದು ಊಹೆ. ನಾನು ಚೌಕಾಬಾರದ ಚೀಲದಿಂದ ಗುಲಗಂಜಿ ತಂದಿಟ್ಟೆ. ಹೆಚ್ಚುಕಡಿಮೆ ಎರಡು ಗ್ರೇನ್ ತೂಗಿತು. ಆಮೇಲೆ ಮೆಂತ್ಯ, ಸಾಸಿವೆ, ಒಂದು ಚಿಟಿಕೆ ನಶ್ಯ.

ಅಡುಗೆಮನೆಯಿಂದ ಇವಳು ಬಂದಳು. "ಸೀಸ ಮುಟ್ಟಿದ ಕೈ ಸೋಪು ಹಾಕಿ ತೊಳೀದೆ ಯಾರೂ ತಟ್ಟೆ ಮುಂದೆ ಕೂರಬೇಡಿ" ಎಂದಳು. ನಾವು ಎದ್ದು ಕೈ ತೊಳೆದು ಬರುವಷ್ಟರಲ್ಲಿ ಅವಳ ಕಿವಿಯ ಓಲೆಗಳು ತಕ್ಕಡಿಯ ಮೇಲಿದ್ದವು. ಪಕ್ಕದಲ್ಲಿ ಹಳೆಯ ಬಿಲ್ಲು. ತಕ್ಕಡಿಯನ್ನು ಖಾಲಿ ಮಾಡಿ, ಸೊನ್ನೆಗೆ ತಂದು, ಮತ್ತೆ ಇಟ್ಟಳು. ಮತ್ತೆ ನೋಡಿದಳು.

"ಊಟ ಆಮೇಲೆ. ಆ ಅಂಗಡಿ ಭಾನುವಾರವೂ ತೆಗೆದಿರುತ್ತೆ" ಎಂದಳು. "ನೀನೂ ಬಾರೋ, ತಕ್ಕಡಿ ತಗೊಂಡು."