ಒಂಬತ್ತು ಗುಂಟೆ

ಅಣ್ಣತಮ್ಮಂದಿರ ನಡುವೆ ಬದುವಿನ ವ್ಯಾಜ್ಯ ಹುಟ್ಟುವುದಕ್ಕೆ ಕನ್ನಡ ನಾಡಿನಲ್ಲಿ ಹಿಂದಿನಿಂದಲೂ ಕಾರಣಗಳಿಗೆ ಕೊರತೆಯಿರಲಿಲ್ಲ. ಗೆರೆ ಮೀರಿದ ನೇಗಿಲು, ಎಲ್ಲೆಯ ಮೇಲೆಯೇ ಬೆಳೆದು ನಿಂತ ಹುಣಸೆಯ ಮರ, ತೀರಿಹೋದ ತಂದೆ ಯಾರಿಗೋ ಬಾಯಿಮಾತಿನಲ್ಲಿ ಕೊಟ್ಟ ವಚನ, ಇವೆಲ್ಲ ಹಳೆಯ ಕಾರಣಗಳು. ಈ ಪಟ್ಟಿಗೆ ಒಂದು ಸೊನ್ನೆಯೂ ಸೇರಿಕೊಂಡೀತೆಂದು ಯಾರು ತಾನೆ ಊಹಿಸಿದ್ದರು? ಅದೂ ಚುಕ್ಕೆಯ ಬಲಗಡೆ, ಅಂಕಿಯ ತುತ್ತತುದಿಯಲ್ಲಿ ಕುಳಿತ ಸೊನ್ನೆ. ಶಾಲೆಯ ಮೇಷ್ಟರು 'ಅದಕ್ಕೆ ಬೆಲೆಯಿಲ್ಲ, ಬಿಟ್ಟುಬಿಡಿ' ಎಂದು ಹೇಳಿಕೊಡುವಂಥದು.

ತುಮಕೂರಿನ ತರುಣನೊಬ್ಬ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಡೇಟಾಬೇಸಿನ ಕೆಲಸದಲ್ಲಿದ್ದಾನೆ. ಡೇಟಾಬೇಸ್ ಎಂದರೇನೆಂದು ಅವನ ತಾಯಿ ಒಮ್ಮೆ ಕೇಳಿದ್ದುಂಟು. 'ಖಾತೆ ಪುಸ್ತಕವಮ್ಮ, ಅಷ್ಟೆ. ಒಂದು ಕಚೇರಿಯ ಪುಸ್ತಕದಲ್ಲಿ ಬರೆದದ್ದು ಇನ್ನೊಂದು ಕಚೇರಿಯ ಪುಸ್ತಕಕ್ಕೆ ತಿಳಿಯುವಂತೆ ಮಾಡುವುದು ನನ್ನ ಕೆಲಸ' ಎಂದು ಅವನು ಹೇಳಿದನು. 'ಹಾಗಾದರೆ ಶಾನುಭೋಗಿಕೆ ಎನ್ನು' ಎಂದು ಆಕೆ ನಕ್ಕರು. ನಗಲು ಕಾರಣವಿತ್ತು. ಅವನ ಮುತ್ತಾತ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಗೆ ಶಾನುಭೋಗರಾಗಿದ್ದವರು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ 1961ರ ಶಾಸನವು 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದಾಗ ಸರಕಾರದ ಕಡತಗಳೆಲ್ಲ ಸರಕಾರಕ್ಕೆ ಹೋದುವು. ಮನೆಯ ಸ್ವಂತ ಲೆಕ್ಕದ ಒಂದು ಪುಸ್ತಕ ಮಾತ್ರ ಅಟ್ಟದ ಪೆಟ್ಟಿಗೆಯಲ್ಲಿ ಉಳಿದುಕೊಂಡಿತು.

ಎರಡು ವರ್ಷಗಳ ಕೆಳಗೆ ಗುಬ್ಬಿ ಮತ್ತು ಕುಣಿಗಲ್ ಕಡೆಯ ತೆಂಗು ಬೆಳೆಗಾರರ ಒಂದು ಚಿಕ್ಕ ಸಂಘದವರು ಈ ತರುಣನ ಬಳಿಗೆ ಬಂದರು. ಸದಸ್ಯರು ಆರುನೂರಕ್ಕೆ ಸ್ವಲ್ಪ ಹೆಚ್ಚು. ಯಾರಿಗೆ ಎಷ್ಟು ತೋಟವಿದೆಯೋ ಅಷ್ಟಕ್ಕೆ ತಕ್ಕಂತೆ ಗೊಬ್ಬರ, ಸಸಿಗಳನ್ನು ಹಂಚುವುದಕ್ಕೆ ಒಂದು ಲೆಕ್ಕದ ವ್ಯವಸ್ಥೆ ಬೇಕಾಗಿತ್ತು. ಅವನು ಹಣ ಕೇಳಲಿಲ್ಲ. ನಾಲ್ಕು ಭಾನುವಾರಗಳಲ್ಲಿ ಕೆಲಸ ಮುಗಿಸಿಕೊಟ್ಟನು. ಧರ್ಮದ ಕೆಲಸದಲ್ಲಿ ಎಚ್ಚರ ಸ್ವಲ್ಪ ಕಡಿಮೆಯಾಗುವುದು ಮನುಷ್ಯಸ್ವಭಾವವೇ ಇರಬೇಕು.

ಸಂಘದ ಗುಮಾಸ್ತರು ಹಾಳೆಗಳಲ್ಲಿದ್ದ ವಿಸ್ತೀರ್ಣವನ್ನು ಎಕ್ಸೆಲ್ ಪಟ್ಟಿಯೊಂದಕ್ಕೆ ಏರಿಸಿಕೊಟ್ಟಿದ್ದರು. ಒಂದು ಎಕರೆ ಹತ್ತು ಗುಂಟೆಯನ್ನು ಊರವರೆಲ್ಲ ಬರೆಯುವಂತೆ 1.10 ಎಂದು ಬರೆದರು. ಎಕ್ಸೆಲ್ ಅದನ್ನು ದಶಮಾಂಶವೆಂದು ತಿಳಿದು, ಬೆಲೆಯಿಲ್ಲದ ಸೊನ್ನೆಯನ್ನು ತಾನಾಗಿಯೇ ಅಳಿಸಿ, 1.1 ಎಂದು ಇಟ್ಟುಕೊಂಡಿತು. ತರುಣನ ಪ್ರೋಗ್ರಾಮು ಚುಕ್ಕೆಯ ಎಡಗಡೆಯದು ಎಕರೆ, ಬಲಗಡೆಯದು ಗುಂಟೆ ಎಂದು ಸೀಳಿ, ಒಂದು ಎಕರೆ ಒಂದು ಗುಂಟೆ ಎಂದು ಓದಿತು. ಒಂಬತ್ತು ಗುಂಟೆ ಮಾಯವಾಯಿತು! 1.15 ಇದ್ದವನಿಗೆ ನಷ್ಟವಿಲ್ಲ, 2.35 ಇದ್ದವನಿಗೂ ಇಲ್ಲ. ಹತ್ತು, ಇಪ್ಪತ್ತು, ಮೂವತ್ತು ಗುಂಟೆಯವರಿಗೆ ಮಾತ್ರ ಪೆಟ್ಟು. ಎಲ್ಲರಿಗೂ ತಪ್ಪಾಗಿದ್ದರೆ ಮೊದಲ ದಿನವೇ ಕೂಗೆದ್ದು ಕೆಲಸ ಕೆಡುತ್ತಿರಲಿಲ್ಲ. ಕೆಲವರಿಗೆ ಮಾತ್ರ ಆದ ತಪ್ಪೇ ಬಹುಕಾಲ ಬಾಳುವುದು.

ಗುಂಟೆಯೆಂದರೆ ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲ, 1,089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ. ಒಂಬತ್ತು ಗುಂಟೆಯಲ್ಲಿ ಹದಿನೈದು ಹದಿನಾರು ತೆಂಗಿನ ಮರಗಳು ನಿಲ್ಲುತ್ತವೆ. ಪಟ್ಟಣದವರಿಗೆ ಇದು ಅಲ್ಪವೆನಿಸಬಹುದು. ಆದರೆ ಇದೇ ಒಂಬತ್ತು ಗುಂಟೆಯಲ್ಲಿ ಮೂವತ್ತು ನಲವತ್ತಡಿಯ ನಿವೇಶನಗಳು ಎಂಟು ಆಗುತ್ತವೆಂದರೆ ಅವರಿಗೂ ಮೈ ಜುಮ್ಮೆಂದೀತು.

ಕುಣಿಗಲ್ ತಾಲ್ಲೂಕಿನ ಒಬ್ಬ ಹಿರಿಯರು ಸಂಘದಿಂದ ಬಂದ ಚೀಟಿಯಲ್ಲಿ ತಮ್ಮ ತೋಟ ಒಂದು ಎಕರೆ ಒಂದು ಗುಂಟೆಯೆಂದು ಓದಿದರು. ಮೊದಲ ಕಂತಿನಲ್ಲಿ ಕಡಮೆ ಬಂದ ಗೊಬ್ಬರದ ಅರ್ಥ ಆಗ ಹೊಳೆಯಿತು. ಪಕ್ಕದ ತೋಟ ತಮ್ಮನದು. ತಮ್ಮ ಆಗಾಗ ಸಂಘದ ಕಚೇರಿಗೆ ಹೋಗಿಬರುವವನು. ಗುಮಾಸ್ತರ ಸ್ನೇಹವೂ ಉಂಟು. ಇನ್ನೇನು ಬೇಕು? ಆ ದಿನದಿಂದ ಅಣ್ಣನು ತಮ್ಮನ ಮನೆಯ ಮುಂದಣ ದಾರಿಯನ್ನು ಬಿಟ್ಟು ಕೆರೆಯ ಏರಿಯ ಮೇಲೆ ಸುತ್ತಿಕೊಂಡು ಹೋಗತೊಡಗಿದರು. ತಮ್ಮನ ಮೊಮ್ಮಗಳ ನಾಮಕರಣಕ್ಕೂ ಹೋಗಲಿಲ್ಲ. ತಮ್ಮನಾದರೋ ಕಾರಣವನ್ನು ಕೇಳಲೊಲ್ಲದ ಬಿಗುಮಾನದವನು. ಐದು ತಿಂಗಳು ಹೀಗೆ ಕಳೆದುವು.

ಸುದ್ದಿ ಗುಮಾಸ್ತರ ಮೂಲಕ ತರುಣನಿಗೆ ಮುಟ್ಟಿದಾಗ ಅವನು ರಾತ್ರಿಯೇ ಕುಳಿತು ಹುಡುಕಿದನು. ತಮ್ಮನಲ್ಲ, ಯಾರೂ ತಿದ್ದಿಲ್ಲವೆಂಬುದನ್ನು ತೋರಿಸಬೇಕಾಗಿತ್ತು. ಆದರೆ ತೋರಿಸುವುದು ಹೇಗೆ? ಅವನ ವ್ಯವಸ್ಥೆಯಲ್ಲಿ ಹೊಸ ಅಂಕಿ ಬಂದೊಡನೆ ಹಳೆಯ ಅಂಕಿ ಅಳಿದುಹೋಗುತ್ತಿತ್ತು. ಯಾರು, ಯಾವಾಗ ಬದಲಾಯಿಸಿದರೆಂಬ ಗುರುತೇ ಉಳಿಯುತ್ತಿರಲಿಲ್ಲ. ಪ್ರತಿರಾತ್ರಿ ತೆಗೆದಿಟ್ಟ ನಕಲುಗಳಿದ್ದುವು. ಅವುಗಳಲ್ಲೊಂದನ್ನು ಬಿಚ್ಚಿ ನೋಡಿದರೆ ಸದಸ್ಯರ ಹೆಸರುಗಳೆಲ್ಲ ಬರಿಯ ಪ್ರಶ್ನಾರ್ಥಕ ಚಿಹ್ನೆಗಳು! ನಕಲು ತೆಗೆಯುವಾಗ ಲಿಪಿಯ ಸಂಕೇತವನ್ನು ಯುಟಿಎಫ್-8 ಎಂದು ಹೇಳಿರಲಿಲ್ಲ. ಎರಡು ವರ್ಷ ನಕಲು ತೆಗೆದವನು ಒಮ್ಮೆಯಾದರೂ ಅದನ್ನು ಬಿಚ್ಚಿ ನೋಡಿರಲಿಲ್ಲ. ಬಿಚ್ಚಿ ನೋಡದ ನಕಲು ನಕಲೇ ಅಲ್ಲವೆಂದು ಅವನೇ ಕಚೇರಿಯಲ್ಲಿ ಕಿರಿಯರಿಗೆ ಪಾಠ ಹೇಳುತ್ತಿದ್ದನು.

ಮುತ್ತಾತನ ಪುಸ್ತಕವನ್ನು ಅವನು ಅಟ್ಟದಿಂದ ಇಳಿಸಿದ್ದು ಆ ವಾರದಲ್ಲಿಯೇ. ತಪ್ಪಿದ ಅಂಕಿಯನ್ನು ಆ ವೃದ್ಧರು ಎಲ್ಲಿಯೂ ಕೆರೆದಿರಲಿಲ್ಲ. ಹಳೆಯದು ಓದಲು ಬರುವಂತೆ ಅದರ ಮೇಲೊಂದು ತೆಳುಗೆರೆ, ಮೇಲುಗಡೆ ಹೊಸ ಅಂಕಿ, ಪಕ್ಕದಲ್ಲಿ ರುಜು, ತೇದಿ. ಇನ್ನೊಂದು ವಿಶೇಷವಿತ್ತು. ಎಕರೆ, ಗುಂಟೆ, ಆಣೆಗಳಿಗೆ ಅವರು ಮೂರು ಬೇರೆ ಬೇರೆ ಮನೆಗಳನ್ನು ಗೆರೆಯೆಳೆದು ಮಾಡಿಕೊಂಡಿದ್ದರು. ಕೂಡುವಾಗ ಆಣೆಯಿಂದ ಮೇಲಕ್ಕೆ ಕೂಡುತ್ತಿದ್ದರು. ಚುಕ್ಕೆಯ ಗೋಜೇ ಇಲ್ಲ.

ತರುಣನು ತನ್ನ ವ್ಯವಸ್ಥೆಯನ್ನು ಬಿಚ್ಚಿ ಮತ್ತೆ ಕಟ್ಟಿದನು. ಎಲ್ಲ ವಿಸ್ತೀರ್ಣವನ್ನೂ ಅತ್ಯಂತ ಚಿಕ್ಕ ಅಳತೆಯಾದ ಆಣೆಯಲ್ಲಿ, ಪೂರ್ಣಾಂಕವಾಗಿ ಇಟ್ಟನು. ಒಂದು ಎಕರೆ ಹತ್ತು ಗುಂಟೆಯೆಂದರೆ 800 ಆಣೆ. ಒಂದು ಎಕರೆ ಒಂದು ಗುಂಟೆಯೆಂದರೆ 656. ಇವೆರಡನ್ನು ಯಾವ ಯಂತ್ರವೂ ಒಂದೆಂದು ತಿಳಿಯಲಾರದು. 2.35ಕ್ಕೆ 1.10 ಕೂಡಿದರೆ 3.45 ಎಂಬ ಅಪಹಾಸ್ಯದ ಮೊತ್ತವೂ ಬರುವುದಿಲ್ಲ. ನಾಲ್ಕು ಎಕರೆ ಐದು ಗುಂಟೆಯೆಂದೇ ಬರುತ್ತದೆ. ಬ್ಯಾಂಕಿನವರು ರೂಪಾಯಿಯ ಬದಲು ಪೈಸೆಯಲ್ಲಿ ಲೆಕ್ಕವಿಡುವ ಉಪಾಯವೂ ಇದೇ. ಅಂಕಿ ಬದಲಾದಾಗಲೆಲ್ಲ ಹಳೆಯ ಅಂಕಿ, ಬದಲಾಯಿಸಿದವರ ಹೆಸರು, ಹೊತ್ತು ಮೂರೂ ಬೇರೊಂದು ಕೋಷ್ಟಕದಲ್ಲಿ ತಾವಾಗಿ ದಾಖಲಾಗುವಂತೆ ಮಾಡಿದನು. ಮುತ್ತಾತನ ತೆಳುಗೆರೆಯೆಂದರೆ ಅದೇ ತಾನೆ?

ಮನೆ ಗುಡಿಸಲು ಹೊರಟವನಿಗೆ ಮೂಲೆಮೂಲೆಯ ಕಸವೂ ಕಾಣುತ್ತದೆ. 4/2 ಎಂಬ ಸರ್ವೆ ನಂಬರು ಎಕ್ಸೆಲಿನ ಕೈಯಲ್ಲಿ ಫೆಬ್ರವರಿ ನಾಲ್ಕನೆಯ ತಾರೀಖಾಗಿ ಕುಳಿತಿತ್ತು. ಆ ಕಂಬವನ್ನು ಮೊದಲೇ ಅಕ್ಷರವೆಂದು ಗೊತ್ತುಮಾಡಿದ್ದರೆ ಈ ಅವಾಂತರವಿಲ್ಲ. ಹೆಸರುಗಳ ಕಥೆಯಂತೂ ದೊಡ್ಡದು. ಗೋವಿಂದಯ್ಯ ಎಂಬ ಹೆಸರಿನ 'ಗೋ'ವಿನ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ಮೂರು ತುಂಡುಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಇಬ್ಬರು ಬೇರೆ ಬೇರೆ ಗೋವಿಂದಯ್ಯಂದಿರು. ಒಳಗೆ ಬಿಟ್ಟುಕೊಳ್ಳುವ ಮೊದಲೇ ಎಲ್ಲ ಹೆಸರನ್ನೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತಂದುಕೊಂಡರೆ ಈ ದ್ವಂದ್ವ ತಪ್ಪುತ್ತದೆ. ಲಕ್ಷ್ಮೀನಾರಾಯಣಪ್ಪ ಎಂಬುದರಲ್ಲಿ ಮಗು ಎಣಿಸಿದರೆ ಅಕ್ಷರ ಏಳು. ಯೂನಿಕೋಡಿನ ಲೆಕ್ಕದಲ್ಲಿ ಸಂಕೇತ ಹದಿನಾರು. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರರಂತೆ ಬೈಟು ನಲವತ್ತೆಂಟು. ಒರಾಕಲ್‌ನಲ್ಲಿ ಮೂವತ್ತು ಎಂದಷ್ಟೇ ಅಳತೆ ಹೇಳಿದರೆ ಅದು ಸಾಮಾನ್ಯವಾಗಿ ಮೂವತ್ತು ಬೈಟೆಂದೇ ತಿಳಿಯುತ್ತದೆ. ಪಾಪ, ಲಕ್ಷ್ಮೀನಾರಾಯಣಪ್ಪನವರಿಗೆ ಅಲ್ಲಿ ಕಾಲು ಚಾಚಲು ಜಾಗವಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕನ್ನಡದ ಮಾತಿನ ಹಿಂದೆ ಎನ್ ಎಂಬ ಒಂದಕ್ಷರ ಮರೆತರೂ ಸಾಕು, ಇಡೀ ಹೆಸರು ಪ್ರಶ್ನಾರ್ಥಕವಾಗಬಹುದು. ಊರುಗಳ ಇಂಗ್ಲಿಷ್ ಕಾಗುಣಿತವೂ ಸ್ಥಿರವಲ್ಲ. ತುಮಕೂರಿನದೇ 2014ರ ನವೆಂಬರ್ 1ರಂದು ಬದಲಾಯಿತು. ಎರಡು ಪಟ್ಟಿಗಳನ್ನು ಹೆಸರಿನಿಂದ ಹೊಂದಿಸಹೋಗದೆ, ಸರಕಾರ ಪ್ರತಿ ಗ್ರಾಮಕ್ಕೂ ಕೊಟ್ಟಿರುವ ಸಂಕೇತಸಂಖ್ಯೆಯಿಂದ ಹೊಂದಿಸುವುದು ಮೇಲು. ಆರುನೂರು ಹೆಸರಿಗೇ ಇಷ್ಟು ಪಾಡಾದರೆ, ಭೂಮಿ ಯೋಜನೆಯವರು ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಎಷ್ಟು ಬೆವರು ಹರಿದಿರಬೇಕೆಂದು ಅವನಿಗೆ ಆಗ ಅನ್ನಿಸಿತು.

ತಿದ್ದುವ ದಿನ ಅವನ ಕೈ ನಡುಗಿತಂತೆ. ಹಾಗಾಗಿ ಯಾವ ಸಾಲುಗಳನ್ನು ತಿದ್ದಬೇಕೋ ಅವುಗಳನ್ನು ಮೊದಲು ಓದಿ ಎಣಿಸಿದನು. ಆಮೇಲೆ ಟ್ರಾನ್ಸಾಕ್ಷನ್ ತೆರೆದು ತಿದ್ದಿ, ಎಣಿಕೆ ಸರಿಹೋದ ಮೇಲೆಯೇ ಕಮಿಟ್ ಎಂದನು. ಆದರೆ ಅದಕ್ಕೂ ಮೊದಲು ಗುಮಾಸ್ತರೊಡನೆ ಮೂರು ಸಂಜೆ ಕುಳಿತು ಮೂಲ ಹಾಳೆಗಳನ್ನು ತಿರುವಿಹಾಕಬೇಕಾಯಿತು. 1.1 ಎಂದಿದ್ದುದೆಲ್ಲ ಹತ್ತು ಗುಂಟೆಯೇ ಎಂದು ಹೇಳುವಂತಿರಲಿಲ್ಲ. ನಿಜವಾಗಿ ಒಂದೇ ಗುಂಟೆಯವರೂ ಒಬ್ಬಿಬ್ಬರು ಹಾಗೆ ಬರೆದಿದ್ದರು. ನಷ್ಟಕ್ಕೊಳಗಾದವರು ಕೊನೆಗೆ ಮೂವತ್ತೊಂದು ಮಂದಿ.

ಭಾನುವಾರ ಅವನು ಕುಣಿಗಲ್ ಬಸ್ಸು ಹತ್ತಿದನು. ಲ್ಯಾಪ್‌ಟಾಪನ್ನು ಮನೆಯಲ್ಲಿಯೇ ಬಿಟ್ಟು, ಹಿರಿಯರು ಸ್ವಹಸ್ತದಿಂದ ಬರೆದುಕೊಟ್ಟಿದ್ದ ಹಾಳೆಯನ್ನೂ ಅವರ ಪಹಣಿಯ ಪ್ರತಿಯನ್ನೂ ಹಿಡಿದುಕೊಂಡು ಹೋದನು. ಪಹಣಿಯಲ್ಲಿ ಒಂದು ಎಕರೆ ಹತ್ತು ಗುಂಟೆ ಹೇಗಿತ್ತೋ ಹಾಗೆಯೇ ಇತ್ತು. ಅವರು ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ಕೇಳಿದರು.

'ಸೊನ್ನೆಗೆ ಬೆಲೆಯಿಲ್ಲವೆಂದು ಯಾರು ಹೇಳಿದರು?'

'ಯಂತ್ರ ಹಾಗೆ ತಿಳಿಯಿತು.'

'ಅದು ಎಕರೆ-ಗುಂಟೆಯ ಲೆಕ್ಕವೆಂದು ಯಂತ್ರಕ್ಕೆ ನೀನು ಹೇಳಲಿಲ್ಲವೆ?'

'ಇಲ್ಲ. ತಪ್ಪು ನನ್ನದು.'

ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ. ತಮ್ಮನ ಮನೆ ಅಲ್ಲಿಗೇ ಕಾಣುತ್ತಿತ್ತು. ನಡುವೆ ಎರಡು ಸಾಲು ತೆಂಗು. 'ಅವನಿಗೂ ನೀನೇ ಹೇಳಿ ಬಾ' ಎಂದರು ಕೊನೆಗೆ.

ತಮ್ಮನ ಮನೆಯಲ್ಲಿ ಕಾಫಿ ಕೊಟ್ಟರು. ಆತನು ಹಾಳೆಯನ್ನು ಎರಡು ಸಲ ಓದಿ ಮಡಿಸಿ ಹಿಂದಕ್ಕೆ ಕೊಟ್ಟನು. ಅಣ್ಣನ ವಿಷಯವಾಗಿ ಒಂದು ಮಾತೂ ಆಡಲಿಲ್ಲ.

'ಇನ್ನೆಷ್ಟು ಮಂದಿಗೆ ಹೀಗಾಗಿದೆ?' ಎಂದು ಕೇಳಿದನು.

'ಇನ್ನೂ ಮೂವತ್ತು.'

'ಎಲ್ಲರ ಮನೆಗೂ ಹೋಗುತ್ತೀಯಾ?'

ತರುಣನು ಅದನ್ನು ಯೋಚಿಸಿರಲಿಲ್ಲ. ಮುಂದಿನ ಭಾನುವಾರ ಬೆಳಗ್ಗೆ ನಾಲ್ಕು ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಅವನು ಗುಬ್ಬಿಯ ಬಸ್ಸಿಗೆ ನಿಂತಿದ್ದುದನ್ನು ತಾಯಿ ಮಹಡಿಯಿಂದ ನೋಡಿದರು.