ಉಂತೀಸ್ ಅಂದ್ರೆ ಎಷ್ಟು?

ಸ್ಕ್ರೀನ್ ರೆಕಾರ್ಡಿಂಗ್ ಅಂದ ತಕ್ಷಣ ನಮ್ಮಂಥ ಮೇಷ್ಟ್ರು, ಟೀಚರುಗಳಿಗೆ ನೆನಪಾಗೋದು 2020. ಆ ವರ್ಷ ಮಾರ್ಚಲ್ಲಿ ಶಾಲೆ ಮುಚ್ಚಿತು ನೋಡಿ, ಅಲ್ಲಿಂದ ಶುರು. ಪಿಪಿಟಿ ಮಾಡೋದು, ಅದರ ಮೇಲೆ ನಮ್ಮ ದನಿ ಸೇರಿಸಿ ರೆಕಾರ್ಡ್ ಮಾಡೋದು, ಮಧ್ಯದಲ್ಲಿ ಕುಕ್ಕರ್ ಕೂಗಿದರೆ ಮತ್ತೆ ಮೊದಲಿಂದ... ಶಾಲೆ ತೆರೆದ ಮೇಲೆ ಆ ವಿಡಿಯೋಗಳೆಲ್ಲ ಯಾವುದೋ ಪೆನ್‌ಡ್ರೈವ್ ಸೇರಿದವು. ರೆಕಾರ್ಡರ್ ಮಾತ್ರ ಫೋನಲ್ಲೇ ಉಳಿಯಿತು. ಆಂಡ್ರಾಯ್ಡ್ 11ರಿಂದ ಈಚೆಗೆ ಅದು ಫೋನಿನ ಜೊತೆಗೇ ಬರುತ್ತೆ. ಲ್ಯಾಪ್‌ಟಾಪಿಗಾದರೆ ಓಬಿಎಸ್ ಸ್ಟುಡಿಯೋ ಇದೆ, ಮುಕ್ತ ತಂತ್ರಾಂಶ, ಪುಕ್ಕಟೆ.

ಆಗ ರೆಕಾರ್ಡ್ ಮಾಡ್ತಿದ್ದದ್ದು ನಾವು, ನೋಡಬೇಕಾಗಿದ್ದದ್ದು ಮಕ್ಕಳು. ಇದನ್ನ ಉಲ್ಟಾ ಮಾಡಿದರೆ? ಮಕ್ಕಳು ರೆಕಾರ್ಡ್ ಮಾಡಲಿ, ನಾವು ಕೂತು ನೋಡೋಣ. ನನ್ನ ಮೂರನೇ ಕ್ಲಾಸಲ್ಲಿ ಈಗ ನಡೀತಿರೋದು ಇದೇ.

ದೊಡ್ಡ ವಿದ್ಯೆ ಏನಲ್ಲ ಬಿಡಿ. ಒಂದು ಟ್ಯಾಬ್, ಅದರಲ್ಲಿ ಬೆರಳಿಂದ ಬರೆಯೋ ಒಂದು ಡ್ರಾಯಿಂಗ್ ಆಪ್. ರೆಕಾರ್ಡರ್ ಒತ್ತಿ, ಮೈಕ್ ಆನ್ ಮಾಡಿ ಕೊಡ್ತೀನಿ. ಮಗು ಒಂದು ಲೆಕ್ಕ ಮಾಡಬೇಕು, ಮಾಡ್ತಾ ಮಾಡ್ತಾ ಬಾಯಲ್ಲಿ ಹೇಳ್ತಾ ಹೋಗಬೇಕು, ಅಷ್ಟೇ. "ಜೋರಾಗಿ ಹೇಳು" ಅಂದರೆ ಮಕ್ಕಳು ಬಾಯಿ ಹೊಲಿದುಕೊಂಡು ಕೂರ್ತಾರೆ. "ನಿನ್ನೆ ಬರದೇ ಇದ್ದ ನಿನ್ನ ಫ್ರೆಂಡಿಗೆ ಹೇಳಿಕೊಡೋ ಹಾಗೆ ಹೇಳು" ಅಂದರೆ ಮಾತು ಬರುತ್ತೆ. ಒಬ್ಬರಿಗೆ ಎರಡು ನಿಮಿಷ, ದಿನಕ್ಕೆ ಐದು ಮಕ್ಕಳು. ಆರು ದಿನದಲ್ಲಿ ಮೂವತ್ತು ಮಕ್ಕಳದ್ದೂ ಮುಗಿಯುತ್ತೆ.

ಇದರಿಂದ ಏನು ಸಿಗುತ್ತೆ ಅಂದರೆ, ನೋಟ್‌ಬುಕ್ಕಲ್ಲಿ ಇಲ್ಲದ್ದು ಸಿಗುತ್ತೆ. ಉದಾಹರಣೆಗೆ 52ರಲ್ಲಿ 27 ಕಳೆದು ಒಬ್ಬ 35 ಅಂತ ಬರೆದಿರ್ತಾನೆ. ಬಿಡಿಸ್ಥಾನದಲ್ಲಿ "ಏಳರಲ್ಲಿ ಎರಡು ಹೋದರೆ ಐದು" ಅಂತ ದೊಡ್ಡದರಿಂದ ಚಿಕ್ಕದನ್ನ ಕಳೆದಿದ್ದಾನೋ, ದಶಕ ತಗೊಂಡು, ಆಮೇಲೆ ಐದನ್ನ ನಾಲ್ಕು ಮಾಡೋದು ಮರೆತಿದ್ದಾನೋ? ಎರಡೂ ದಾರಿಯಲ್ಲಿ ಬರೋದು 35 ತಾನೆ! ಉತ್ತರ ನೋಡಿ ಹೇಳೋಕಾಗಲ್ಲ. ರೆಕಾರ್ಡಿಂಗ್ ಹೇಳುತ್ತೆ. ಒಬ್ಬನಿಗೆ ಪಾಠವನ್ನೇ ಮತ್ತೆ ಮಾಡಬೇಕು, ಇನ್ನೊಬ್ಬನಿಗೆ ಒಂದು ಸಲ ನೆನಪಿಸಿದರೆ ಸಾಕು. ಬರವಣಿಗೆಯಲ್ಲೂ ಹಾಗೇ. ಬರೆದು ಮುಗಿದ ಅಕ್ಷರ ಚೆನ್ನಾಗೇ ಕಾಣ್ತಿರುತ್ತೆ, ಕೈ ಎಲ್ಲಿಂದ ಶುರು ಮಾಡಿ ಯಾವ ಕಡೆ ತಿರುಗಿತು ಅನ್ನೋದು ರೆಕಾರ್ಡಿಂಗಲ್ಲಿ ಮಾತ್ರ ಕಾಣುತ್ತೆ.

ಈಗ ಶೀರ್ಷಿಕೆಯ ವಿಷಯಕ್ಕೆ ಬರ್ತೀನಿ.

ಕ್ಲಾಸಲ್ಲಿ ಒಬ್ಬಳು ಹುಡುಗಿ. ಮನೆಮಾತು ಉರ್ದು, ಓದೋದು ಕನ್ನಡ ಮಾಧ್ಯಮ. ಮಾತು ಕಮ್ಮಿ. ಲೆಕ್ಕದಲ್ಲಿ ಕೆಲವು ಸರಿ, ಕೆಲವು ವಿಚಿತ್ರ ತಪ್ಪು. ಒಂದಿನ ಅವಳ ಅಮ್ಮ ಬಂದು, "ಮಿಸ್, ಇವಳಿಗೆ ಲೆಕ್ಕ ತಲೆಗೆ ಹತ್ತಲ್ಲ ಅಂತಾರೆ ಮನೇಲಿ. ಇನ್ನೊಂದು ವರ್ಷ ಇದೇ ಕ್ಲಾಸಲ್ಲಿ ಕೂರಿಸಿಬಿಡಿ" ಅಂದರು. ಹುಡುಗಿ ಪಕ್ಕದಲ್ಲೇ ನಿಂತು ನೆಲ ನೋಡ್ತಿದ್ದಳು. ಹಿಂದಿನ ದಿನ ತಾನೇ ಅವಳ ಸರದಿ ಆಗಿತ್ತು. "ಒಂದ್ನಿಮಿಷ ಇರಿ ಅಮ್ಮಾ, ಇದನ್ನ ಕೇಳಿ" ಅಂತ ಟ್ಯಾಬ್ ತೆಗೆದೆ.

ಲೆಕ್ಕ 17+12. ಕಂಬಸಾಲು ಹಾಕದೆ, ಬೆರಳು ಮಡಚ್ತಾ ಹದಿನೇಳರಿಂದ ಮುಂದಕ್ಕೆ ಎಣಿಸಿದ್ದಾಳೆ, ಪಿಸುಮಾತಲ್ಲಿ, ಉರ್ದುವಿನಲ್ಲಿ. ಆಮೇಲೆ ಬರೆದದ್ದು 39. ಅಮ್ಮನಿಗೆ ಕನ್ನಡ ಓದೋಕೆ ಬರಲ್ಲ, ನೋಟ್‌ಬುಕ್ ತೋರಿಸಿದ್ದರೆ ಪ್ರಯೋಜನ ಇರಲಿಲ್ಲ. ಆದರೆ ಕಿವಿ ಇದೆಯಲ್ಲ! ಎರಡು ಸಲ ಕೇಳಿಸಿಕೊಂಡು, "ಎಣಿಸಿರೋದು ಸರಿಯಾಗೇ ಐತಲ್ಲ ಮಿಸ್. ಉಂತೀಸ್ ಅಂದಳು" ಅಂದರು.

ಉಂತೀಸ್ ಅಂದರೆ ಇಪ್ಪತ್ತೊಂಬತ್ತು. ತೀಸ್ ಅಂದರೆ ಮೂವತ್ತು. ಉರ್ದು, ಹಿಂದಿಯಲ್ಲಿ 29ಕ್ಕೆ 'ಮೂವತ್ತಕ್ಕೆ ಒಂದು ಕಮ್ಮಿ' ಅನ್ನೋ ಹೆಸರು. ಕಿವಿಗೆ ಕೇಳೋದು ತೀಸ್, ಹಾಗಾಗಿ ಕೈ ಮೊದಲು 3 ಬರೆಯುತ್ತೆ! ಉಂತಾಲೀಸ್ ಅಂದರೆ 39, ಅದು ಚಾಲೀಸಿನ ನೆಂಟ, ಅಂದರೆ ನಲವತ್ತರದ್ದು. ಉನ್ಸಠ್ 59, ಅದು ಸಾಠ್ ಅಂದರೆ ಅರವತ್ತರದ್ದು. ನಮ್ಮ ಕನ್ನಡದಲ್ಲಿ ಇಪ್ಪತ್ತು, ಒಂಬತ್ತು ಅಂತ ಹೆಸರೇ ಬರೆಯೋ ಕ್ರಮ ಹೇಳಿಕೊಡುತ್ತೆ. ಅವಳಿಗೆ ಆ ಅನುಕೂಲ ಇಲ್ಲ. ಎಣಿಸೋದು ಒಂದು ಭಾಷೆ, ಬರೆಯೋದು ಇನ್ನೊಂದು.

ಆ ಸಂಜೆ ಅವಳ ನೋಟ್‌ಬುಕ್ ತಿರುವಿ ಹಾಕಿದೆ. 14+14 ಸರಿ, 28. 23+24 ಸರಿ, 47. 24+5ಕ್ಕೆ 39. 38+21ಕ್ಕೆ 69. ವಿಚಿತ್ರ ತಪ್ಪುಗಳೆಲ್ಲ ಒಂಬತ್ತರಲ್ಲಿ ಮುಗಿಯೋ ಉತ್ತರಗಳೇ, ಎಲ್ಲದರಲ್ಲೂ ಸರಿಯಾಗಿ ಹತ್ತು ಜಾಸ್ತಿ. ಕೂಡೋದು ಅವಳಿಗೆ ಚೆನ್ನಾಗೇ ಬರುತ್ತೆ!

ಇದಕ್ಕೆ ತದ್ವಿರುದ್ಧದ ಕತೆಯೂ ಒಂದಿದೆ. 1973ರಲ್ಲಿ ಸ್ಟ್ಯಾನ್ಲಿ ಎರ್ಲ್‌ವಾಂಗರ್ ಅನ್ನೋ ಸಂಶೋಧಕರು ಅಮೆರಿಕದ ಆರನೇ ಕ್ಲಾಸಿನ ಹುಡುಗನೊಬ್ಬನ ಬಗ್ಗೆ ಬರೆದರು. ಅವನನ್ನ ಬೆನ್ನಿ ಅಂತ ಕರೆದಿದ್ದಾರೆ. ತಾನೇ ಓದಿಕೊಂಡು, ಟೆಸ್ಟ್ ಪಾಸ್ ಮಾಡ್ತಾ ಮುಂದೆ ಹೋಗೋ ಪದ್ಧತಿ ಅವನದು, ಅದರಲ್ಲಿ ಅವನು ಮುಂದಿದ್ದ. ಕೂರಿಸಿ ಮಾತಾಡಿಸಿದರೆ, ಹತ್ತನೇ ಎರಡು ಅನ್ನೋ ಭಿನ್ನರಾಶಿಯನ್ನ ದಶಮಾಂಶ ಮಾಡೋಕೆ ಎರಡನ್ನೂ ಹತ್ತನ್ನೂ ಕೂಡಿ 1.2 ಅಂತಿದ್ದ! ಟೆಸ್ಟಲ್ಲಿ ಪಾಸು, ತಲೆಯಲ್ಲಿ ತಪ್ಪು. ನಮ್ಮ ಹುಡುಗಿಗೆ ತಲೆಯಲ್ಲಿ ಸರಿ, ಟೆಸ್ಟಲ್ಲಿ ಫೇಲು. ಬರೀ ಉತ್ತರಕ್ಕೆ ಮಾರ್ಕು ಹಾಕಿದರೆ ಇಬ್ಬರೂ ನಮ್ಮ ಕೈಗೆ ಸಿಗಲ್ಲ. ಎರ್ಲ್‌ವಾಂಗರ್ ಹಾಗೆ ಒಬ್ಬೊಬ್ಬರ ಪಕ್ಕ ಗಂಟೆಗಟ್ಟಲೆ ಕೂರೋಕೆ ಮೂವತ್ತು ಮಕ್ಕಳ ಕ್ಲಾಸಲ್ಲಿ ಎಲ್ಲಿ ಸಾಧ್ಯ? ರೆಕಾರ್ಡರ್ ಆ ಕೆಲಸವನ್ನ ಒಂದಿಷ್ಟಾದರೂ ಮಾಡಿಕೊಡುತ್ತೆ.

ಟ್ರೈ ಮಾಡೋರಿಗೆ ಎರಡು ಮಾತು. ಮೊದಲನೆಯದು, ಗಲಾಟೆ. ಕ್ಲಾಸೊಳಗೆ ಆಗಲ್ಲ, ವರಾಂಡದ ಮೂಲೆ ಆಗಬಹುದು, ಮೈಕ್ ಇರೋ ಇಯರ್‌ಫೋನ್ ಇದ್ದರೆ ಇನ್ನೂ ಒಳ್ಳೇದು. ಫೈಲ್ ದೊಡ್ಡದಾಗುತ್ತೆ ಅಂತ ಹೆದರಬೇಡಿ. ಪರದೆ ಮೇಲೆ ಬದಲಾದ ಭಾಗವನ್ನಷ್ಟೇ ಹೆಚ್ಚಾಗಿ ಉಳಿಸಿಕೊಳ್ಳೋದರಿಂದ, ಬಿಳೀ ಹಾಳೆ ಮೇಲಿನ ಬರಹಕ್ಕೆ ಜಾಗ ಜಾಸ್ತಿ ಬೇಡ. ಎರಡನೆಯದು ಮುಖ್ಯ. ಮುಖ ಬೇಡ, ಹೆಸರು ಬೇಡ, ಪರದೆ ಮತ್ತು ದನಿ ಸಾಕು. ಅಪ್ಪ ಅಮ್ಮನ ಒಪ್ಪಿಗೆ ತಗೊಳ್ಳಿ. ವಾಟ್ಸಾಪ್ ಗ್ರೂಪಿಗೆ ಅಂತೂ ಹಾಕಲೇಬೇಡಿ. ಮಗು ಎಡವಿದ ಜಾಗವನ್ನ ಊರೆಲ್ಲ ನೋಡಬೇಕಾಗಿಲ್ಲ. ಕೆಲಸ ಮುಗಿದ ಮೇಲೆ ನಾನು ಅಳಿಸಿಬಿಡ್ತೀನಿ.

ಆ ಹುಡುಗಿಗೆ ಉರ್ದು ಬಿಡು ಅಂತ ಹೇಳಲಿಲ್ಲ. ಕಡ್ಡಿ ಕಟ್ಟು ಕೊಟ್ಟೆ. ಉಂತೀಸ್ ಅಂದಾಗ ಹತ್ತರ ಎರಡು ಕಟ್ಟು, ಒಂಬತ್ತು ಬಿಡಿ ಕಡ್ಡಿ ಇಟ್ಟು, ಅದನ್ನ ನೋಡಿ ಬರೆಯೋದು. ಹದಿನೈದು ದಿನ ಹಿಡೀತು. ಈಗ ಕಡ್ಡಿ ಇಲ್ಲದೇನೂ ಬರುತ್ತೆ. ಅವಳ ಅಮ್ಮ ಮತ್ತೆ ಅದೇ ಕ್ಲಾಸಲ್ಲಿ ಕೂರಿಸಿ ಅನ್ನೋ ಮಾತು ಎತ್ತಿಲ್ಲ.

ಮರಾಠಿ, ತುಳು, ಕೊಂಕಣಿ, ಲಂಬಾಣಿ ಮನೆಮಾತಿನ ಬ್ಲಾಗಿಗರೇ, ಚಿಕ್ಕಂದಿನಲ್ಲಿ ನೀವು ಯಾವ ಭಾಷೆಯಲ್ಲಿ ಎಣಿಸ್ತಿದ್ದಿರಿ? ಈಗಲೂ ಮನಸ್ಸಲ್ಲಿ ಎಣಿಸೋದು ಅದರಲ್ಲೇನಾ? ಹೇಳಿ, ನನ್ನ ಕ್ಲಾಸಿಗೆ ಬೇಕಾಗುತ್ತೆ.