ಕಾಲುವೆ ಮೇಲಿನ ಇಂಗ್ಲಿಷ್

ಹುಣಸಗಿ ಕಡೆಯ ಡಿಪ್ಲೊಮಾ ಹುಡುಗರಿಗೆ ಇಂಗ್ಲಿಷ್ ವ್ಯಾಕರಣದ ಪಾರ್ಟಿಸಿಪಲ್ ಅಂದ್ರೆ ತಲೆಬಿಸಿ. ಗೈಡಿನ ವಾಕ್ಯಗಳೋ, ಯಾರೂ ಕಾಣದ ಬಾಯ್ಲರಿನವು. ಕಣ್ಣೆದುರೇ ನಾರಾಯಣಪುರ ಎಡದಂಡೆ ಕಾಲುವೆ ಇದೆಯಲ್ಲ!

'ವಾಟರ್ ರಿಲೀಸ್ಡ್ ಫ್ರಮ್ ಬಸವಸಾಗರ': ಡ್ಯಾಮಿನ ಗೇಟ್ ಎತ್ತಿದವರು ಬೇರೆ ಯಾರೋ. 'ವಾಟರ್ ಫ್ಲೋಯಿಂಗ್ ಇನ್ ದ ಕೆನಾಲ್': ಇಲ್ಲಿ ನೀರೇ ಹರಿಯುತ್ತಿದೆ. ಅರ್ಧ ಪಾಠ ಇಷ್ಟೇ.

ಪಕ್ಕದ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯನವರ ತಂಡ ಅಗೆದು ತೆಗೆದ ಹಳೆ ಶಿಲಾಯುಗದ ಕೈಗೊಡಲಿಗಳೂ ಉದಾಹರಣೆಗೆ ಆದಾವು: 'ಟೂಲ್ಸ್ ಮೇಡ್ ಆಫ್ ಲೈಮ್‌ಸ್ಟೋನ್'.

ಎಡವಟ್ಟು ಆಗೋದು ಇಲ್ಲಿ: 'ವಾಕಿಂಗ್ ಅಲಾಂಗ್ ದ ಕೆನಾಲ್, ದ ಪಂಪ್‌ಸೆಟ್ ವಾಸ್ ಸೀನ್.' ನಡೆದದ್ದು ಪಂಪ್‌ಸೆಟ್ಟೇ ಆಯ್ತು! ಲ್ಯಾಬ್ ರಿಪೋರ್ಟುಗಳಲ್ಲಿ ಇಂಥವು ರಾಶಿ.

ಸರ್, ಮೇಡಂ, ಮುಂದಿನ ಟೆಸ್ಟಿಗೆ ಬಾಯ್ಲರ್ ಬಿಟ್ಟು ಕಾಲುವೆ ಕೊಡ್ರಿ.